‘ಸಂಭೂಯ’ ಶಬ್ದದ ಎರಡು ಮುಖಗಳು: ಮಿತಾಕ್ಷರೆಯ ಅರ್ಘವಿಚಾರವೂ ಇಂದಿನ ಹಡಗುಕೂಟಗಳೂ

೧

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರೆಯೆಂಬ ವ್ಯಾಖ್ಯಾನದ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಆದರೆ ಆ ಹೆಸರು ಕಿವಿಗೆ ಬಿದ್ದೊಡನೆ ಎಲ್ಲರ ನೆನಪಿಗೆ ಬರುವುದು ದಾಯವಿಭಾಗವೊಂದೇ. ಇದಕ್ಕೆ ಕಾರಣವು ಗ್ರಂಥದಲ್ಲಿಲ್ಲ, ಗ್ರಂಥವನ್ನು ಬಳಸಿದವರ ಪ್ರಯೋಜನದಲ್ಲಿದೆ. ೧೮೧೦ರಲ್ಲಿ ಕೋಲ್‌ಬ್ರೂಕ್ ಮಹಾಶಯನು ಕಲ್ಕತ್ತೆಯಲ್ಲಿ ಅದರ ದಾಯಪ್ರಕರಣವನ್ನು ಮಾತ್ರ ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದನು. ನ್ಯಾಯಸ್ಥಾನಗಳಿಗೆ ಬೇಕಾದುದು ಅಷ್ಟೇ ಆಗಿದ್ದಿತು. ಅಲ್ಲಿಂದೀಚೆಗೆ ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಂಬ ಮೂರು ಅಧ್ಯಾಯಗಳ ಈ ವಿಸ್ತಾರವಾದ ಗ್ರಂಥವು ಸ್ವತ್ತಿನ ವ್ಯಾಜ್ಯದ ಕೈಪಿಡಿಯೆಂಬಂತೆ ಪರಿಗಣಿತವಾಯಿತು. ಕನ್ನಡ ಸಾಹಿತ್ಯಚರಿತ್ರೆಗಳಲ್ಲಿಯೂ, ಭಾಷೆಯು ಸಂಸ್ಕೃತವಾದುದರಿಂದ, ಅದಕ್ಕೆ ಒಂದೆರಡು ವಾಕ್ಯಗಳ ಗೌರವಕ್ಕಿಂತ ಹೆಚ್ಚು ದೊರೆಯುವುದು ಅಪರೂಪ.

ಗ್ರಂಥದ ನೆಲವಾದರೋ ಕನ್ನಡದ ನೆಲವೇ. ನಿಜಾಮರ ಆಡಳಿತಕಾಲದ ಐವಾನ್-ಎ-ಶಾಹಿ ಅತಿಥಿಗೃಹವೂ, ೨೦೦೮ರಲ್ಲಿ ಆರಂಭವಾದ ಉಚ್ಚನ್ಯಾಯಾಲಯದ ಪೀಠವೂ, ತೊಗರಿಯ ದೊಡ್ಡ ಪೇಟೆಯೂ ಇರುವ ಕಲಬುರಗಿಯಿಂದ ವಾಡಿಯ ಕಡೆಗೆ ಹೋಗುವ ರೈಲುದಾರಿಯಲ್ಲಿ, ಶಹಾಬಾದಿಗೆ ಮುಂಚೆ, ಮರತೂರೆಂಬ ಊರಿದೆ. ಅಲ್ಲಿಯ ಶಾಸನದ ಆಧಾರದಿಂದ ವಿದ್ವಾಂಸರು ಅದನ್ನು ವಿಜ್ಞಾನೇಶ್ವರನ ಊರೆಂದು ಗುರುತಿಸಿದ್ದಾರೆ. ಒಂದು ಕಡೆ ಕರಿನೆಲದ ತೊಗರಿಯ ಹೊಲ, ಇನ್ನೊಂದು ಕಡೆ ಹಾಸುಗಲ್ಲಿನ ಗಣಿ. ಕಡಲಿನಿಂದ ಇಷ್ಟು ದೂರವಿರುವ ಈ ಊರಿಗೂ ಇಂದಿನ ಮಹಾಸಮುದ್ರಗಳಲ್ಲಿ ಕಂಟೇನರುಗಳನ್ನು ಸಾಗಿಸುವ ಹಡಗು ಕಂಪೆನಿಗಳ ಕೂಟಗಳಿಗೂ ಏನು ಸಂಬಂಧವೆಂದು ಶಂಕೆ ಹುಟ್ಟುವುದು ಸಹಜ. ಸಂಬಂಧವು ಒಂದು ಶಬ್ದದಲ್ಲಿದೆ. ‘ಸಂಭೂಯ’, ಎಂದರೆ ‘ಕೂಡಿಕೊಂಡು’ ಎಂಬ ಆ ಶಬ್ದವು ಮಿತಾಕ್ಷರೆಯಲ್ಲಿ ಒಂದೆಡೆ ರಕ್ಷಣೆಗೆ ಪಾತ್ರವಾಗಿ, ಮತ್ತೊಂದೆಡೆ ದಂಡನೆಗೆ ಗುರಿಯಾಗಿ ಬರುತ್ತದೆ. ವ್ಯಾಪಾರಿಗಳು ಕೂಡಿ ನಡೆಸುವ ಯಾವ ಕೆಲಸವನ್ನು ಕಾಯಬೇಕು, ಯಾವುದನ್ನು ತಡೆಯಬೇಕು ಎಂಬ ಪ್ರಶ್ನೆಯೇ ಇಂದು ಬ್ರಸೆಲ್ಸ್, ವಾಷಿಂಗ್ಟನ್, ದಿಲ್ಲಿಗಳ ಅಧಿಕಾರಿಗಳ ಮುಂದೆಯೂ ಇರುವುದು.

೨

ಮೊದಲನೆಯ ಮುಖವು ‘ಸಂಭೂಯಸಮುತ್ಥಾನ’ವೆಂಬ ವ್ಯವಹಾರಪದದಲ್ಲಿ ಕಾಣುತ್ತದೆ. ಪ್ರಚಲಿತ ಮುದ್ರಣಗಳ ವ್ಯವಹಾರಾಧ್ಯಾಯದ ೨೫೯ನೆಯ ಶ್ಲೋಕದಿಂದ ಇದು ಆರಂಭವಾಗುವುದು. ಲಾಭಾರ್ಥವಾಗಿ ಕೂಡಿ ಕೆಲಸ ಮಾಡುವ ವಣಿಕರಿಗೆ ಲಾಭವೂ ನಷ್ಟವೂ ಅವರವರು ಹಾಕಿದ ದ್ರವ್ಯಕ್ಕೆ ತಕ್ಕಂತೆ, ಅಥವಾ ಅವರು ಮಾಡಿಕೊಂಡ ಒಡಂಬಡಿಕೆಗೆ ತಕ್ಕಂತೆ ಸಲ್ಲತಕ್ಕದ್ದೆಂಬುದು ಇದರ ತಾತ್ಪರ್ಯ. ಕೂಟದವರು ಬೇಡವೆಂದುದನ್ನು ಮಾಡಿ, ಅಥವಾ ಅಜಾಗ್ರತೆಯಿಂದ ಸರಕನ್ನು ಕೆಡಿಸಿದವನು ಅದನ್ನು ತುಂಬಿಕೊಡಬೇಕು. ಆಪತ್ತಿನಲ್ಲಿ ಸರಕನ್ನು ಕಾಪಾಡಿದವನಿಗೆ ಹತ್ತನೆಯ ಒಂದು ಪಾಲು ಸಲ್ಲಬೇಕು. ವಂಚಿಸಿದವನನ್ನು ಲಾಭವಿಲ್ಲದೆ ಹೊರಗೆ ಹಾಕಬೇಕು. ಕೂಟದ ಒಳಗಣ ಆಡಳಿತಕ್ಕೆ ಬೇಕಾದ ಮುಖ್ಯ ನಿಯಮಗಳು ಇಲ್ಲಿ ಕೆಲವೇ ಮಾತುಗಳಲ್ಲಿ ಅಡಕವಾಗಿವೆ.

ಇದಕ್ಕೆ ಪೂರಕವಾಗಿ ೧೮೬ನೆಯ ಶ್ಲೋಕದಲ್ಲಿ, ಸಮೂಹಗಳು ತಮ್ಮೊಳಗೆ ಮಾಡಿಕೊಂಡ ಕಟ್ಟಳೆಯು ನಿಜಧರ್ಮಕ್ಕೆ ವಿರೋಧವಾಗದಿದ್ದರೆ ಅದನ್ನೂ ಯತ್ನಪೂರ್ವಕವಾಗಿ ಕಾಯಬೇಕೆಂದು ವಿಧಿಸಿದೆ. ೧೯೨ನೆಯದರಲ್ಲಿ ಶ್ರೇಣಿ, ನೈಗಮ ಮೊದಲಾದ ಗಣಗಳ ಪ್ರತ್ಯೇಕತೆಯನ್ನೂ ಹಿಂದಿನಿಂದ ಬಂದ ನಡೆವಳಿಯನ್ನೂ ಅರಸನು ರಕ್ಷಿಸಬೇಕೆಂದಿದೆ. ವಿಜ್ಞಾನೇಶ್ವರನ ಕಾಲದಲ್ಲಿ ಇವು ಬರಿಯ ಪುಸ್ತಕದ ಮಾತುಗಳಾಗಿರಲಿಲ್ಲ. ಐಹೊಳೆಯ ಐನೂರ್ವರೆಂದು ಕನ್ನಡ ಶಾಸನಗಳಲ್ಲಿ ಕೀರ್ತಿತವಾದ ವ್ಯಾಪಾರಿಸಂಘವು ಅದೇ ಯುಗದಲ್ಲಿ ದೇಶದೇಶಾಂತರಗಳಲ್ಲಿ ಹರಡಿದ್ದಿತು. ಸುಮಾತ್ರಾ ದ್ವೀಪದ ಬರೂಸ್ ಸಮೀಪದಲ್ಲಿ ದೊರೆತ, ೧೦೮೮ನೆಯ ವರ್ಷದ ತಮಿಳು ಶಾಸನವು ಆ ಹೆಸರಿನ ಸಂಘದ್ದೇ. ಅದರಲ್ಲಿ ಹಡಗಿನವರು ಸಂಘಕ್ಕೆ ಸಲ್ಲಿಸಬೇಕಾದ ಕಾಣಿಕೆಯ ಪ್ರಸ್ತಾಪವಿದೆ. ಕೂಡಿ ದೂರದೇಶಕ್ಕೆ ಹೋಗುವುದು, ಅಪಾಯವನ್ನು ಹಂಚಿಕೊಳ್ಳುವುದು, ತಮ್ಮ ಕಟ್ಟಳೆಯನ್ನು ತಾವೇ ನಡೆಸುವುದು, ಇವೆಲ್ಲ ಧರ್ಮಸಮ್ಮತವೆಂದೇ ಆ ಕಾಲದ ಭಾವನೆ.

ಎರಡನೆಯ ಮುಖವು ಸಾಹಸಪ್ರಕರಣದ ೨೪೯ ಮತ್ತು ೨೫೦ನೆಯ ಶ್ಲೋಕಗಳಲ್ಲಿದೆ. ಅರ್ಘವೆಂದರೆ ಬೆಲೆ. ಕೂಡಿಕೊಂಡು ಪೀಡಾಕರವಾದ ಅರ್ಘವನ್ನು ಮಾಡುವವರಿಗೂ, ಕೂಡಿಕೊಂಡು ಸರಕನ್ನು ತಕ್ಕದಲ್ಲದ ಅರ್ಘದಿಂದ ತಡೆಯುವ ಅಥವಾ ಮಾರುವ ವಣಿಕರಿಗೂ ಉತ್ತಮಸಾಹಸವೆಂಬ ದಂಡವು ವಿಹಿತವಾಗಿದೆ. ಆಚಾರಾಧ್ಯಾಯದ ಗಣನೆಯಂತೆ ಅದು ಸಾವಿರದ ಎಂಬತ್ತು ಪಣ, ಹಣದ ದಂಡಗಳಲ್ಲಿ ಅತ್ಯಂತ ಹೆಚ್ಚಿನದು.

ಕೂಡುವ ಕ್ರಿಯೆ ಎರಡು ಕಡೆಗಳಲ್ಲಿಯೂ ಒಂದೇ. ಹಾಗಾದರೆ ಧರ್ಮವು ಎಲ್ಲಿ ಅಧರ್ಮವಾಗುತ್ತದೆ? ಗ್ರಂಥದ ಉತ್ತರವು ನೇರವಾಗಿದೆ: ಕೂಟವು ತನ್ನೊಳಗಿನ ದ್ರವ್ಯವನ್ನೂ ಶ್ರಮವನ್ನೂ ಹಂಚಿಕೊಳ್ಳುವವರೆಗೆ ಒಂದು ಪ್ರಕರಣ, ಕೂಟದ ಹೊರಗಿರುವವನು ಕೊಡುವ ಅಥವಾ ಪಡೆಯುವ ಬೆಲೆಯ ಮೇಲೆ ಕೈಯಿಟ್ಟೊಡನೆ ಬೇರೆ ಪ್ರಕರಣ.

೩

ವ್ಯಾಖ್ಯಾನಕಾರನ ನೈಪುಣ್ಯವು ಈ ಎರಡು ಶ್ಲೋಕಗಳ ವಿವರಣೆಯಲ್ಲಿ ಪ್ರಕಟವಾಗುತ್ತದೆ. ೨೪೯ನೆಯ ಶ್ಲೋಕದಲ್ಲಿ ಕಾರುಗಳು ಮತ್ತು ಶಿಲ್ಪಿಗಳು ಎಂಬ ಪದವು ಷಷ್ಠೀ ವಿಭಕ್ತಿಯಲ್ಲಿದೆ. ‘ಮಾಡುವವರಿಗೆ’ ಎಂಬ ಪದವೂ ಷಷ್ಠಿಯಲ್ಲಿಯೇ ಇದೆ. ಆದುದರಿಂದ ಎರಡು ಅನ್ವಯಗಳು ಸಾಧ್ಯ. ಕಾರುಶಿಲ್ಪಿಗಳೇ ಕೂಡಿಕೊಂಡು ಪೀಡಾಕರವಾದ ಬೆಲೆಯನ್ನು ಮಾಡುತ್ತಾರೆಂಬುದು ಒಂದು. ಮತ್ತಾರೋ ಕೂಡಿಕೊಂಡು ಕಾರುಶಿಲ್ಪಿಗಳಿಗೆ ಪೀಡಾಕರವಾದ ಬೆಲೆಯನ್ನು ಮಾಡುತ್ತಾರೆಂಬುದು ಇನ್ನೊಂದು. ಮೊದಲನೆಯದರಲ್ಲಿ ಕುಶಲಕರ್ಮಿಯು ಅಪರಾಧಿ, ಎರಡನೆಯದರಲ್ಲಿ ಪೀಡಿತ. ಒಂದೇ ವಿಭಕ್ತಿಯ ಮೇಲೆ ನ್ಯಾಯದ ತಕ್ಕಡಿಯು ನಿಂತಿದೆ.

ಮೊದಲನೆಯ ಅನ್ವಯಕ್ಕೆ ಬಲವಾದ ಸಾಕ್ಷ್ಯವುಂಟು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳವರ ಕೈಗೆ ೧೯೦೫ರಲ್ಲಿ ಸಿಕ್ಕಿ, ೧೯೦೯ರಲ್ಲಿ ಅಚ್ಚಾದ ಕೌಟಿಲೀಯ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಇದೇ ಬಗೆಯ ಎರಡು ಸೂತ್ರಗಳು ಒಂದರ ಬೆನ್ನಿಗೊಂದು ಬರುತ್ತವೆ. ಮೊದಲನೆಯದರಲ್ಲಿ ಕೂಡಿಕೊಂಡು ಕೆಲಸದ ಗುಣವನ್ನು ಇಳಿಸುವ, ಕ್ರಯವಿಕ್ರಯಕ್ಕೆ ಅಡ್ಡಿ ಮಾಡುವ ಕಾರುಶಿಲ್ಪಿಗಳಿಗೂ, ಎರಡನೆಯದರಲ್ಲಿ ಕೂಡಿಕೊಂಡು ಸರಕನ್ನು ತಡೆಹಿಡಿಯುವ ವ್ಯಾಪಾರಿಗಳಿಗೂ ಸಾವಿರ ಪಣ ದಂಡವಿದೆ. ಸೂತ್ರಗಳ ಕ್ರಮವೂ ಶ್ಲೋಕಗಳ ಕ್ರಮವೂ ಒಂದೇ ಆಗಿರುವುದನ್ನು ನೋಡಿದರೆ, ಸ್ಮೃತಿಕಾರನ ಮನಸ್ಸಿನಲ್ಲಿಯೂ ಮೊದಲು ಕುಶಲಕರ್ಮಿಗಳ ಕೂಟ, ಅನಂತರ ವಣಿಕರ ಕೂಟ ಇದ್ದಿರಬಹುದೆಂದು ಊಹಿಸಲು ಅವಕಾಶವಿದೆ.

ವಿಜ್ಞಾನೇಶ್ವರನು ಈ ದಾರಿಯನ್ನು ಹಿಡಿಯಲಿಲ್ಲ. ಅವನು ‘ವಣಿಕರು’ ಎಂಬ ಕರ್ತೃಪದವನ್ನು ಅಧ್ಯಾಹಾರ ಮಾಡಿಕೊಂಡು, ಅರಸನು ಗೊತ್ತುಮಾಡಿದ ಬೆಲೆಯ ಏರಿಳಿತವನ್ನು ಬಲ್ಲ ವಣಿಕರು ಲಾಭಲೋಭದಿಂದ ಒಟ್ಟುಗೂಡಿ, ಅಗಸ ಮೊದಲಾದ ಕಾರುಗಳಿಗೂ ಚಿತ್ರಗಾರ ಮೊದಲಾದ ಶಿಲ್ಪಿಗಳಿಗೂ ಪೀಡೆಯಾಗುವಂತೆ ಬೇರೊಂದು ಬೆಲೆಯನ್ನು ಕಟ್ಟುವುದೆಂದು ಅರ್ಥೈಸಿದನು. ಇದು ಕೇವಲ ಸ್ವೇಚ್ಛೆಯೆಂದು ಹೇಳಲಾಗದು. ಬೆಲೆಯ ಏರಿಳಿತವನ್ನು ‘ಬಲ್ಲವರು’ ಎಂಬ ವಿಶೇಷಣವು ಕುಶಲಕರ್ಮಿಗಿಂತ ವಣಿಕನಿಗೆ ಹೆಚ್ಚು ಒಪ್ಪುತ್ತದೆ. ಅಲ್ಲದೆ ‘ಪೀಡಾಕರ’ವೆಂದ ಮೇಲೆ ಪೀಡೆಗೆ ಒಳಗಾದವನೊಬ್ಬನು ಬೇಕು, ಮೊದಲನೆಯ ಅನ್ವಯದಲ್ಲಿ ಅವನು ವಾಕ್ಯದಲ್ಲಿಯೇ ಇರುವುದಿಲ್ಲ. ವ್ಯಾಕರಣವು ಎರಡು ಬಾಗಿಲುಗಳನ್ನು ತೆರೆದಿಟ್ಟಾಗ, ಪೀಡಿತನ ಹೆಸರು ವಾಕ್ಯದೊಳಗೆ ಉಳಿಯುವ ಬಾಗಿಲನ್ನು ವ್ಯಾಖ್ಯಾನಕಾರನು ಆರಿಸಿಕೊಂಡನು. ಈ ಆಯ್ಕೆಯೇ ಆ ಭಾಗದ ವ್ಯಾಖ್ಯಾನಕ್ಕೆ ಸಾಹಿತ್ಯಗುಣವನ್ನು ತಂದಿರುವುದು. ಬೆಲೆಯ ಚರ್ಚೆಯಲ್ಲಿ ಅಗಸನೂ ಚಿತ್ರಗಾರನೂ ಬಂದು ನಿಲ್ಲುತ್ತಾರೆ.

೨೫೦ನೆಯ ಶ್ಲೋಕದಲ್ಲಿ ‘ಅನರ್ಘ’ವೆಂಬ ಒಂದೇ ಪದವನ್ನು ಅವನು ಎರಡಾಗಿ ಸೀಳಿರುವ ರೀತಿಯೂ ಗಮನಾರ್ಹ. ದೇಶಾಂತರದಿಂದ ಬಂದ ಸರಕನ್ನು ಹೀನವಾದ ಬೆಲೆಗೆ ಕೇಳುತ್ತ, ಬೇರೆಯವರಿಗೆ ಮಾರಿಹೋಗದಂತೆ ತಡೆಯುವುದು ಒಂದು ಅಪರಾಧ; ಅದನ್ನೇ ಕೊಂಡ ಮೇಲೆ ಅಧಿಕವಾದ ಬೆಲೆಗೆ ಮಾರುವುದು ಇನ್ನೊಂದು. ಕೊಳ್ಳುವಾಗ ತಗ್ಗು, ಮಾರುವಾಗ ಏರು, ಎರಡೂ ತಕ್ಕದಲ್ಲದ ಬೆಲೆಯೇ. ಹೀಗೆ ಕೊಳ್ಳುವವರ ಕೂಟವೂ ಮಾರುವವರ ಕೂಟವೂ ಒಂದೇ ವಿಧಿಯ ಕೆಳಗೆ ಬಂದವು. ಗ್ರಂಥಕ್ಕೆ ‘ಮಿತಾಕ್ಷರ’ವೆಂಬ ಹೆಸರು ಸಾರ್ಥಕವೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ಮುಂದಿನ ಶ್ಲೋಕಗಳು ಇದನ್ನು ಪೂರ್ಣಗೊಳಿಸುತ್ತವೆ. ಕೊಂಡ ಕೂಡಲೆ ಮಾರುವ ವಣಿಕನಿಗೆ ಸ್ವದೇಶದ ಸರಕಿನ ಮೇಲೆ ನೂರಕ್ಕೆ ಐದು, ಪರದೇಶದ ಸರಕಿನ ಮೇಲೆ ನೂರಕ್ಕೆ ಹತ್ತು ಲಾಭವೆಂದು ೨೫೨ನೆಯದು ಗೊತ್ತುಮಾಡುತ್ತದೆ. ದೂರದ ಸಾಗಣೆಯ ಕಷ್ಟಕ್ಕೆ ಇಮ್ಮಡಿ ಮನ್ನಣೆ. ೨೫೩ನೆಯದು, ಸರಕಿಗೆ ತಗಲಿದ ವೆಚ್ಚವನ್ನು ಸೇರಿಸಿಕೊಂಡು ಕೊಳ್ಳುವವನಿಗೂ ಮಾರುವವನಿಗೂ ಅನುಗ್ರಹವಾಗುವಂತೆ ಬೆಲೆಯನ್ನು ಕಟ್ಟಬೇಕೆನ್ನುತ್ತದೆ. ಇಲ್ಲಿ ವಣಿಕನ ಮೇಲೆ ದ್ವೇಷವು ಲೇಶವೂ ಇಲ್ಲ.

೪

ಈ ವಿಭಾಗಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಇತ್ತೀಚಿನ ನಾವಿಕ ವ್ಯಾಪಾರದ ಚರಿತ್ರೆಯನ್ನು ನೋಡಿದರೆ, ಮರತೂರಿನ ಪಂಡಿತನು ಎಳೆದ ಗೆರೆಯನ್ನು ಆಧುನಿಕರು ಎಷ್ಟು ನಿಧಾನವಾಗಿ ತಲುಪಿದರೆಂಬುದು ತಿಳಿಯುತ್ತದೆ. ನಿಯತವಾಗಿ ಓಡುವ ಹಡಗುಗಳ ಒಡೆಯರು ದರವನ್ನು ಕೂಡಿ ಗೊತ್ತುಮಾಡುವ ‘ಕಾನ್ಫರೆನ್ಸ್’ ಎಂಬ ಪದ್ಧತಿಯು ೧೮೭೫ರಲ್ಲಿ ಕಲ್ಕತ್ತೆಯ ವ್ಯಾಪಾರದಲ್ಲಿಯೇ ಹುಟ್ಟಿತು. ಚೀನದ ಚಹದ ಸಾಗಣೆಯಲ್ಲಿ ಇಂತಹ ಕೂಟವು ತನಗೇ ಸರಕು ಕೊಡುವವರಿಗೆ ರಿಯಾಯಿತಿಯಿತ್ತು ಮೊಗಲ್ ಸ್ಟೀಮ್‌ಷಿಪ್ ಕಂಪೆನಿಯನ್ನು ಹೊರಗೆ ನೂಕಿತು. ೧೮೯೧ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಸಭೆಯು, ಕೂಟದವರು ತಮ್ಮ ವ್ಯಾಪಾರದ ಹಿತಕ್ಕಾಗಿ ಹಾಗೆ ಮಾಡಿದರೇ ಹೊರತು ಅಕ್ರಮವಾದ ಉಪಾಯಗಳನ್ನು ಬಳಸಲಿಲ್ಲವೆಂದು ದಾವೆಯನ್ನು ವಜಾ ಮಾಡಿತು. ಆ ವ್ಯಾಜ್ಯದಲ್ಲಿ ನ್ಯಾಯಸ್ಥಾನದ ಮುಂದೆ ನಿಂತವರು ಇಬ್ಬರು, ಇಬ್ಬರೂ ಹಡಗಿನ ಒಡೆಯರು. ಚಹವನ್ನು ಬೆಳೆದವನಾಗಲಿ ಕುಡಿಯುವವನಾಗಲಿ ಎಲ್ಲಿಯೂ ಇರಲಿಲ್ಲ.

ದರವನ್ನು ಕಟ್ಟುವ ಕಾನ್ಫರೆನ್ಸುಗಳಿಗೆ ಐರೋಪ್ಯ ಒಕ್ಕೂಟವು ಕೊಟ್ಟಿದ್ದ ವಿನಾಯಿತಿಯು ೨೦೦೮ರ ಅಕ್ಟೋಬರಿನಲ್ಲಿ ಕೊನೆಗೊಂಡಿತು. ಹಡಗಿನಲ್ಲಿಯ ಜಾಗವನ್ನು ಹಂಚಿಕೊಂಡು ಕೂಡಿ ಓಡಿಸುವ ಕೂಟಗಳಿಗೆ ಮಾತ್ರ, ಮಾರುಕಟ್ಟೆಯ ನೂರಕ್ಕೆ ಮೂವತ್ತು ಪಾಲನ್ನು ಮೀರದಿದ್ದರೆ, ೨೦೦೯ರ ನಿಯಮದಿಂದ ವಿನಾಯಿತಿಯು ಮುಂದುವರಿಯಿತು. ಅದೂ ೨೦೨೪ರ ಏಪ್ರಿಲ್ ೨೫ರಂದು ಮುಗಿದುಹೋಯಿತು. ಅಮೆರಿಕದಲ್ಲಿ ೧೯೮೪ರ ನೌಕಾಕಾಯಿದೆಯಂತೆ ಒಪ್ಪಂದಗಳನ್ನು ಫೆಡರಲ್ ಮ್ಯಾರಿಟೈಮ್ ಕಮಿಷನ್ನಿಗೆ ಸಲ್ಲಿಸಬೇಕು. ೨೦೧೪ರಲ್ಲಿ ಮೇರ್ಸ್ಕ್, ಎಂ.ಎಸ್.ಸಿ., ಸಿ.ಎಂ.ಎ. ಸಿ.ಜಿ.ಎಂ. ಎಂಬ ಮೂರು ಮಹಾ ಕಂಪೆನಿಗಳು ‘ಪಿ-೩’ ಎಂಬ ಕೂಟವನ್ನು ರಚಿಸಲು ಹೊರಟಾಗ ಅಮೆರಿಕದ ಕಮಿಷನ್ನು ತಡೆಯಲಿಲ್ಲ. ಚೀನದ ವಾಣಿಜ್ಯಮಂತ್ರಾಲಯವು, ಇದು ಸಡಿಲವಾದ ಸಹಕಾರವಲ್ಲ, ಬಿಗಿಯಾದ ಐಕ್ಯವೆಂದು ತಡೆಯಿತು. ಮೊದಲಿನ ಇಬ್ಬರು ೨೦೧೫ರಿಂದ ಹತ್ತು ವರ್ಷ ನಡೆಸಿದ ಕೂಟವು ೨೦೨೫ರಲ್ಲಿ ಮುರಿದು, ಮೇರ್ಸ್ಕ್ ಕಂಪೆನಿಯು ಹಪಾಗ್-ಲಾಯ್ಡ್ ಜೊತೆಗೆ ‘ಜೆಮಿನಿ’ಯೆಂಬ ಹೊಸ ಕೂಟವನ್ನು ಕಟ್ಟಿತು.

ಭಾರತದ ೨೦೦೨ನೆಯ ಸ್ಪರ್ಧಾ ಅಧಿನಿಯಮದ ಮೂರನೆಯ ಪ್ರಕರಣವು ಬೆಲೆಯನ್ನು ಗೊತ್ತುಮಾಡುವ, ಸರಬರಾಯನ್ನು ಕುಗ್ಗಿಸುವ, ಮಾರುಕಟ್ಟೆಯನ್ನು ಹಂಚಿಕೊಳ್ಳುವ ಒಪ್ಪಂದಗಳನ್ನು ಹಾನಿಕರವೆಂದೇ ಭಾವಿಸುತ್ತದೆ. ದಕ್ಷತೆಯನ್ನು ಹೆಚ್ಚಿಸುವ ಕೂಡುವ್ಯಾಪಾರವನ್ನು ಆ ಭಾವನೆಯಿಂದ ಬಿಡುಗಡೆ ಮಾಡುತ್ತದೆ. ಹಡಗಿನ ಜಾಗ ಹಂಚಿಕೆಯ ಒಪ್ಪಂದಗಳಿಗೆ ಕೇಂದ್ರ ಸರಕಾರವು ೨೦೧೩ರಲ್ಲಿ ಒಂದು ವರ್ಷಕ್ಕೂ, ೨೦೧೮ರಲ್ಲಿ ಮೂರು ವರ್ಷಕ್ಕೂ ವಿನಾಯಿತಿಯಿತ್ತಿತು. ೨೦೧೮ರ ಆಜ್ಞೆಯಲ್ಲಿ, ಬೆಲೆಯನ್ನು ಕಟ್ಟುವುದಾಗಲಿ ಜಾಗವನ್ನು ಕುಗ್ಗಿಸುವುದಾಗಲಿ ಗಿರಾಕಿಗಳನ್ನು ಹಂಚಿಕೊಳ್ಳುವುದಾಗಲಿ ಕೂಡದೆಂಬ ಷರತ್ತೂ, ಒಪ್ಪಂದದ ಪ್ರತಿಯನ್ನು ನೌಕಾಯಾನದ ಮಹಾನಿರ್ದೇಶಕರಿಗೆ ಸಲ್ಲಿಸಬೇಕೆಂಬ ವಿಧಿಯೂ ಇದ್ದವು. ಇದನ್ನು ಮಿತಾಕ್ಷರೆಯ ಪರಿಭಾಷೆಯಲ್ಲಿ ಹೇಳಿದರೆ, ಸಂಭೂಯಸಮುತ್ಥಾನಕ್ಕೆ ಅನುಮತಿ, ಸಂಭೂಯ ಅರ್ಘಕರಣಕ್ಕೆ ನಿಷೇಧ. ಗೆರೆಯು ಅದೇ.

೫

ಗೆರೆಯು ಒಂದೇ ಆದರೂ ಅದರ ಮೇಲೆ ಒಂದು ಅಸ್ಪಷ್ಟವಾದ ಬಿಂದುವಿದೆ. ಹಡಗನ್ನು ಹಂಚಿಕೊಳ್ಳುವವರು ಯಾವ ಯಾನವನ್ನು ನಡೆಸಬೇಕು, ಯಾವುದನ್ನು ರದ್ದು ಮಾಡಬೇಕೆಂದು ಕೂಡಿಯೇ ನಿಶ್ಚಯಿಸಬೇಕಾಗುವುದು. ಬೆಲೆಯ ಮಾತೇ ಎತ್ತದೆ ಹೋದರೂ ಜಾಗವು ಕುಗ್ಗಿದರೆ ಬೆಲೆಯು ತಾನಾಗಿ ಏರಬಹುದು. ೨೦೨೦ರ ಸಾಂಕ್ರಾಮಿಕದ ಆರಂಭದಲ್ಲಿ ಕಂಪೆನಿಗಳು ಅನೇಕ ಯಾನಗಳನ್ನು ರದ್ದು ಮಾಡಿದವು. ಅನಂತರ ಬೇಡಿಕೆಯು ಉಕ್ಕಿ, ಷಾಂಘೈಯ ಸಾಗಣೆದರದ ಸೂಚ್ಯಂಕವು ೨೦೨೨ರ ಜನವರಿಯಲ್ಲಿ ಐದು ಸಾವಿರವನ್ನು ಮೀರಿತು. ಅಮೆರಿಕದ ಕಮಿಷನ್ನು ವಿಚಾರಣೆ ನಡೆಸಿ, ಏರಿಕೆಗೆ ಮುಖ್ಯ ಕಾರಣವು ಬೇಡಿಕೆಯ ಉಬ್ಬರವೂ ಬಂದರುಗಳ ಇಕ್ಕಟ್ಟೂ ಎಂದು ಅದೇ ವರ್ಷದ ಮೇ ತಿಂಗಳಿನಲ್ಲಿ ವರದಿಯಿತ್ತಿತು. ಆದುದರಿಂದ ಕೂಟಗಳೇ ಅಪರಾಧಿಗಳೆಂದು ಸಾರುವುದು ಅನ್ಯಾಯವಾದೀತು. ಆದರೆ ‘ತಡೆಯುವವರು’ ಎಂಬ ೨೫೦ನೆಯ ಶ್ಲೋಕದ ಶಬ್ದವು, ಬೆಲೆ ಕಟ್ಟುವುದಕ್ಕೆ ಹೇಗೋ ಹಾಗೆಯೇ ಸರಕಿನ ಹರಿವಿಗೆ ಅಡ್ಡಗಟ್ಟುವುದಕ್ಕೂ ಒಂದು ಸ್ಥಾನವನ್ನು ಕೊಟ್ಟಿದ್ದಿತೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಇನ್ನೂ ಮುಖ್ಯವಾದ ಭೇದವು ಪೀಡಿತನ ವಿಷಯದಲ್ಲಿದೆ. ಇಂದಿನ ಆಜ್ಞೆಗಳಲ್ಲಿ ‘ಸ್ಪರ್ಧೆಗೆ ಹಾನಿ’, ‘ಮಾರುಕಟ್ಟೆಯ ಪಾಲು’ ಎಂಬ ಭಾವವಾಚಕಗಳು ತುಂಬಿವೆ. ಕಾರುಶಿಲ್ಪಿಗಳ ಸ್ಥಾನದಲ್ಲಿ ನಿಲ್ಲತಕ್ಕ ಮನುಷ್ಯನು ಕಾಣುವುದಿಲ್ಲ. ೨೦೧೯ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲಬುರಗಿಯ ತೊಗರಿಯನ್ನೇ ತೆಗೆದುಕೊಳ್ಳಬಹುದು. ದೇಶಕ್ಕೆ ಸಾಲದ ತೊಗರಿಯು ಮ್ಯಾನ್ಮಾರಿನಿಂದಲೂ ಪೂರ್ವ ಆಫ್ರಿಕದಿಂದಲೂ ಹಡಗಿನಲ್ಲಿ ಬರುತ್ತದೆ. ಸಾಗಣೆದರವು ಏರಿದರೆ ಹೊರಗಿನ ತೊಗರಿಯು ತುಟ್ಟಿಯಾಗಿ, ಬೇಳೆ ಕೊಳ್ಳುವ ಕೂಲಿಕಾರನಿಗೆ ಪೀಡೆ. ಇಲ್ಲಿಯ ಬೆಳೆಗಾರನಿಗೆ ಒಂದಿಷ್ಟು ಆಸರೆ. ಇಳಿದರೆ ತದ್ವಿರುದ್ಧ. ಐವಾನ್-ಎ-ಶಾಹಿಯ ಪೇಟೆಯವನಿಗಾಗಲಿ ಕಮಲಾಪುರದ ಒಕ್ಕಲಿಗನಿಗಾಗಲಿ ತನ್ನ ಬೆಲೆಯ ಒಂದು ಅಂಶವು ಯಾವ ದೂರದ ಕೂಟದಲ್ಲಿ ನಿಶ್ಚಿತವಾಯಿತೆಂದು ತಿಳಿಯುವ ದಾರಿಯಿಲ್ಲ. ಕೊಳ್ಳುವವನಿಗೂ ಮಾರುವವನಿಗೂ ಅನುಗ್ರಹವಾಗುವ ಬೆಲೆಯೆಂಬ ೨೫೩ನೆಯ ಶ್ಲೋಕದ ಅಳತೆಯು ಇಲ್ಲಿಯೇ ಬೇಕಾಗುವುದು. ಒಬ್ಬನ ಪೀಡೆಯನ್ನು ಇನ್ನೊಬ್ಬನ ಲಾಭದಿಂದ ಮುಚ್ಚಿಹಾಕಲು ಅದು ಎಡೆಗೊಡುವುದಿಲ್ಲ.

ಹೀಗೆಂದ ಮಾತ್ರಕ್ಕೆ ಪ್ರಾಚೀನರು ಎಲ್ಲವನ್ನೂ ಕಂಡಿದ್ದರೆಂದು ಬೀಗುವುದು ವಿಮರ್ಶೆಯ ಮಾರ್ಗವಲ್ಲ. ಸ್ಮೃತಿಯು ವಿಧಿಸಿದುದೆಲ್ಲ ಚಾಲುಕ್ಯರ ಪೇಟೆಗಳಲ್ಲಿ ನಡೆಯಿತೆಂಬುದಕ್ಕೆ ವ್ಯಾಖ್ಯಾನವು ಪ್ರಮಾಣವಾಗದು. ಸ್ಮೃತಿಯ ಅರಸನು ತಾನೇ ಬೆಲೆಯನ್ನು ಗೊತ್ತುಮಾಡಿ, ಅದಕ್ಕಾಗಿ ಇಪ್ಪತ್ತರಲ್ಲೊಂದು ಪಾಲನ್ನು ಸುಂಕವಾಗಿ ಪಡೆಯುವವನು; ಆ ಅರಸನೇ ಬೆಲೆಯಲ್ಲಿ ತಪ್ಪಿದರೆ ಗತಿಯೇನೆಂಬುದನ್ನು ಈ ಶ್ಲೋಕಗಳು ಕೇಳುವುದಿಲ್ಲ. ಹಲವು ದೇಶಗಳ ಬಾವುಟಗಳ ಕೆಳಗೆ ಓಡುವ ಹಡಗುಗಳಿಗೆ ಒಬ್ಬ ಅರಸನೂ ಇಲ್ಲ. ಒಂದೇ ಒಪ್ಪಂದವನ್ನು ಒಂದು ದೇಶವು ಬಿಟ್ಟು ಇನ್ನೊಂದು ತಡೆದುದನ್ನು ಮೇಲೆ ನೋಡಿದ್ದಾಯಿತು.

ಹಾಗಿದ್ದರೂ, ಪಾಠಶಾಲೆಗಳಲ್ಲಿ ಮಿತಾಕ್ಷರೆಯನ್ನು ಬೋಧಿಸುವವರು ದಾಯವಿಭಾಗದಲ್ಲಿ ನಿಂತುಬಿಡದೆ ಈ ಹತ್ತು ಹದಿನೈದು ಶ್ಲೋಕಗಳ ವ್ಯಾಖ್ಯಾನವನ್ನೂ ವಿದ್ಯಾರ್ಥಿಗಳ ಮುಂದೆ ಇಡುವುದು ಯುಕ್ತವಾಗಿ ತೋರುತ್ತದೆ. ಷಷ್ಠೀ ವಿಭಕ್ತಿಯ ಒಂದು ಪ್ರತ್ಯಯವನ್ನು ಹೇಗೆ ಓದಬೇಕೆಂಬುದು ಪರೀಕ್ಷೆಯ ಪ್ರಶ್ನೆಯಷ್ಟೇ ಅಲ್ಲವೆಂದು ಅವರಿಗೆ ಅದರಿಂದ ತಿಳಿಯುವುದು. ವಿಜ್ಞಾನೇಶ್ವರನು ಆ ಪ್ರತ್ಯಯವನ್ನು ಬೇರೆ ರೀತಿಯಾಗಿ ಓದಿದ್ದರೆ ಅಗಸನೂ ಚಿತ್ರಗಾರನೂ ದಂಡ ತೆರುವವರ ಸಾಲಿನಲ್ಲಿ ನಿಲ್ಲುತ್ತಿದ್ದರು.